ಬಾಕಿ ಉಳಿಸಿಕೊಂಡು ಕಾಲೇಜು ಬದಲಿಸುವುದು ಹೇಗೆ: ಅಮೆರಿಕದ ಎಫ್-1 ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎರಡು ಸೆಮಿಸ್ಟರ್ ಮುಗಿದಿದೆ. ಮೂರನೆಯದಕ್ಕೆ ಹಣ ಹೊಂದುತ್ತಿಲ್ಲ. ಹಿಂದಿನದರಲ್ಲೇ ಆರೇಳು ಸಾವಿರ ಡಾಲರ್ ಬಾಕಿ ನಿಂತಿದೆ, ಖಾತೆಯ ಮೇಲೆ ‘ಹೋಲ್ಡ್’ (ತಡೆ) ಬಿದ್ದಿದೆ. ಅಷ್ಟರಲ್ಲಿ ಕಡಿಮೆ ಶುಲ್ಕದ ಇನ್ನೊಂದು ಕಾಲೇಜು ಸೀಟು ಕೊಡಲು ಒಪ್ಪಿದೆ. ಬಾಕಿ ತೀರದೆ ವರ್ಗಾವಣೆ ಸಾಧ್ಯವಿಲ್ಲ ಎಂದುಕೊಂಡು ಎಷ್ಟೋ ವಿದ್ಯಾರ್ಥಿಗಳು ಇಲ್ಲಿ ಸುಮ್ಮನೆ ಕೂರುತ್ತಾರೆ. ವೀಸಾ ಸ್ಥಿತಿ ಕೆಡುವುದು ಹೀಗೆ ಕೂತ ವಾರಗಳಲ್ಲೇ.

ನಿಮ್ಮ ಹೆಸರಿನಲ್ಲಿ ಎರಡು ಪುಸ್ತಕಗಳಿವೆ ಎಂದುಕೊಳ್ಳಿ. ಒಂದು ಸೆವಿಸ್ ದಾಖಲೆ. ವಿದೇಶಿ ವಿದ್ಯಾರ್ಥಿಗಳ ಓದು, ವಿಳಾಸ, ಕೆಲಸದ ಅನುಮತಿ ಎಲ್ಲವನ್ನೂ ಹಿಡಿದಿಡುವ ಅಮೆರಿಕ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ ಅದು. ಇನ್ನೊಂದು ಕಾಲೇಜಿನ ಶುಲ್ಕದ ಖಾತೆ. ಮೊದಲನೆಯದು ಸರ್ಕಾರದ್ದು, ಕಾಲೇಜಿನಲ್ಲಿರುವ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ಅಧಿಕೃತ ಅಧಿಕಾರಿ, ಅದನ್ನು ನೋಡಿಕೊಳ್ಳುತ್ತಾರಷ್ಟೆ. ಎರಡನೆಯದು ಪೂರ್ತಿ ಕಾಲೇಜಿನದೇ. ಸಾಲ ವಸೂಲಿಗೆ ಮೊದಲನೆಯದನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ ಎಂಬುದು ವಿದ್ಯಾರ್ಥಿ ವೀಸಾ ಕಾರ್ಯಕ್ರಮ ನಡೆಸುವ ಎಸ್‌ಇವಿಪಿಯ ನಿಲುವು. ಸ್ಥಿತಿ ಕಾಪಾಡಿಕೊಂಡಿರುವ ಎಫ್-1 ವಿದ್ಯಾರ್ಥಿ ಬೇರೆ ಕಾಲೇಜಿನ ಪ್ರವೇಶಪತ್ರ ತೋರಿಸಿ ಕೇಳಿದರೆ ದಾಖಲೆ ವರ್ಗವಾಗಬೇಕು, ಬಾಕಿ ಇದ್ದರೂ.

ಹಾಗಾದರೆ ತೊಡಕು ಎಲ್ಲಿ? ಎರಡು ಕಡೆ. ಒಂದು, ‘ಸ್ಥಿತಿ ಕಾಪಾಡಿಕೊಂಡಿರುವ’ ಎಂಬ ಮಾತಿನಲ್ಲಿ. ಹೋಲ್ಡ್ ಇದ್ದರೆ ಮುಂದಿನ ಸೆಮಿಸ್ಟರ್‌ಗೆ ನೋಂದಣಿ ಆಗದು, ನೋಂದಣಿ ಇಲ್ಲದಿದ್ದರೆ ಪೂರ್ಣಾವಧಿ ಓದು ಇಲ್ಲ, ಅದಿಲ್ಲದಿದ್ದರೆ ಸ್ಥಿತಿಯೂ ಇಲ್ಲ. ಇನ್ನೊಂದು, ಅಧಿಕೃತ ಅಂಕಪಟ್ಟಿಯಲ್ಲಿ. ಸೆವಿಸ್ ದಾಖಲೆಯನ್ನು ತಡೆಯಲಾಗದ ಕಾಲೇಜು ಟ್ರಾನ್ಸ್‌ಕ್ರಿಪ್ಟನ್ನು ತಡೆಯಬಹುದು, ಎಷ್ಟೋ ಕಡೆ ತಡೆಯುತ್ತದೆ ಕೂಡ. ಮುಂದಿನ ಹಂತಗಳೆಲ್ಲ ಈ ಎರಡು ಗಂಟುಗಳನ್ನು ಸರಿಯಾದ ಕ್ರಮದಲ್ಲಿ ಬಿಚ್ಚುವ ಬಗ್ಗೆ.

(ಇಲ್ಲಿನ ವಿವರಗಳು ಎಫ್-1ಗೆ ಮಾತ್ರ. ವೃತ್ತಿ ತರಬೇತಿಯ ಎಂ-1 ವೀಸಾದಲ್ಲಿ ಸಾಮಾನ್ಯವಾಗಿ ಮೊದಲ ಆರು ತಿಂಗಳ ನಂತರ ವರ್ಗಾವಣೆ ಇಲ್ಲ. ವಿನಿಮಯ ಕಾರ್ಯಕ್ರಮದ ಜೆ-1 ವೀಸಾದ ನಿಯಮಗಳೇ ಬೇರೆ.)

ಹಂತ 1: ಮೊದಲು ದಿನಾಂಕಗಳು, ಆಮೇಲೆ ದುಡ್ಡು

ಒಂದು ಹಾಳೆಯಲ್ಲಿ ಐದು ದಿನಾಂಕ ಬರೆದಿಡಿ: ಈಗಿನ ಸೆಮಿಸ್ಟರ್ ಮುಗಿಯುವ ದಿನ, ಮುಂದಿನ ಸೆಮಿಸ್ಟರ್ ಶುರುವಾಗುವ ದಿನ, ಅದರ ಕೋರ್ಸ್ ಸೇರಿಸುವ–ಬಿಡುವ ಕೊನೆಯ ದಿನ, ಐ-20ರಲ್ಲಿರುವ (ವಿದೇಶಿ ವಿದ್ಯಾರ್ಥಿಗೆ ಕಾಲೇಜು ಕೊಡುವ ಅರ್ಹತಾ ಪತ್ರ) ಕಾರ್ಯಕ್ರಮದ ಅಂತ್ಯದ ದಿನ, ಹೊಸ ಕಾಲೇಜಿನಲ್ಲಿ ತರಗತಿ ಆರಂಭವಾಗುವ ದಿನ.

ಇವುಗಳ ಮೇಲೆ ಕೂರುವ ನಿಯಮಗಳು ಹೀಗಿವೆ. ಪ್ರತಿ ಸೆಮಿಸ್ಟರ್ ಶುರುವಾದ 30 ದಿನಗಳೊಳಗೆ ಡಿಎಸ್‌ಒ ನಿಮ್ಮ ನೋಂದಣಿಯನ್ನು ಸೆವಿಸ್‌ನಲ್ಲಿ ದಾಖಲಿಸಬೇಕು. ನೋಂದಣಿ ಇಲ್ಲದವರ ದಾಖಲೆ ರದ್ದಾಗುತ್ತದೆ. ಪದವಿ ವಿದ್ಯಾರ್ಥಿಗೆ ಪೂರ್ಣಾವಧಿ ಎಂದರೆ ಕನಿಷ್ಠ 12 ಕ್ರೆಡಿಟ್. ಸ್ನಾತಕೋತ್ತರದಲ್ಲಿ ಕಾಲೇಜು ನಿಗದಿಪಡಿಸಿದ್ದು, ಸಾಮಾನ್ಯವಾಗಿ 9. ಹಣದ ತೊಂದರೆಯ ಹೆಸರಿನಲ್ಲಿ ಕಡಿಮೆ ಕ್ರೆಡಿಟ್ ತೆಗೆದುಕೊಳ್ಳಲು ಡಿಎಸ್‌ಒ ಅನುಮತಿ ಕೊಡುವಂತಿಲ್ಲ. ಅನಾರೋಗ್ಯ, ಆರಂಭದ ಕೆಲವು ಶೈಕ್ಷಣಿಕ ತೊಂದರೆಗಳು, ಕೊನೆಯ ಸೆಮಿಸ್ಟರ್ ಇಂಥವಕ್ಕೆ ಮಾತ್ರ ಆ ವಿನಾಯಿತಿ. ‘ಎರಡೇ ಕೋರ್ಸಿಗೆ ದುಡ್ಡಿದೆ, ಎರಡೇ ತಗೋತೀನಿ’ ಎಂದು ಒಂದನ್ನು ಬಿಟ್ಟವರು ಬಿಟ್ಟದ್ದು ಕೋರ್ಸನ್ನಷ್ಟೇ ಅಲ್ಲ.

ಇನ್ನು ಐದು ತಿಂಗಳ ನಿಯಮ. ಹಳೆಯ ಕಾಲೇಜು ದಾಖಲೆಯನ್ನು ಬಿಟ್ಟುಕೊಟ್ಟ ದಿನ, ಇಲ್ಲವೇ ಕಾರ್ಯಕ್ರಮ ಮುಗಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಂದ ಐದು ತಿಂಗಳೊಳಗೆ ಹೊಸ ಕಡೆ ತರಗತಿ ಶುರುವಾಗಬೇಕು. ಹೊಸ ಕಾಲೇಜಿನ ಮುಂದಿನ ಲಭ್ಯ ಸತ್ರ ಅದಕ್ಕಿಂತ ಮುಂಚೆಯೇ ಇದ್ದರೆ ಅದನ್ನೇ ಹಿಡಿಯಬೇಕು. ಮೇ 15ಕ್ಕೆ ಸೆಮಿಸ್ಟರ್ ಮುಗಿದು ಆಗಸ್ಟ್ ಕೊನೆಗೆ ಹೊಸದು ಶುರುವಾದರೆ ತೊಂದರೆಯಿಲ್ಲ. ಡಿಸೆಂಬರ್ 15ಕ್ಕೆ ಮುಗಿದು ಹೊಸ ಕಾಲೇಜು ಆಗಸ್ಟ್‌ಗೆ ಮಾತ್ರ ಸೇರಿಸಿಕೊಳ್ಳುತ್ತದೆ ಎಂದರೆ ಎಂಟು ತಿಂಗಳ ಅಂತರ; ಅದು ನಡೆಯದು.

ಬಾಕಿ ಇರುವವರ ಪಾಲಿಗೆ ಎರಡು ಸೆಮಿಸ್ಟರ್‌ಗಳ ನಡುವಿನ ರಜೆಯೇ ಬಾಗಿಲು. ಹೊಸ ಕಾಲೇಜು ಜನವರಿಯಲ್ಲಿ ಸೇರಿಸಿಕೊಂಡರೆ ಹಳೆಯ ಕಡೆ ಜನವರಿಗೆ ನೋಂದಾಯಿಸುವ ಅಗತ್ಯವೇ ಇಲ್ಲ, ಹಾಗಾಗಿ ಹೋಲ್ಡ್ ಅಡ್ಡ ಬರುವ ಪ್ರಶ್ನೆಯೂ ಇಲ್ಲ. ಈ ಬಾಗಿಲು ತೆರೆದಿರಬೇಕಾದರೆ ಪ್ರವೇಶಪತ್ರ ಡಿಸೆಂಬರ್ ಮೊದಲ ವಾರಕ್ಕೇ ಕೈಯಲ್ಲಿರಬೇಕು, ಅರ್ಜಿ ಅಕ್ಟೋಬರ್‌ಗೇ ಹೋಗಿರಬೇಕು. ಆ ಬಾಗಿಲು ತಪ್ಪಿದರೆ ಮಾರ್ಚ್ ಸುಮಾರಿಗೆ ಎಂಟು ವಾರದ ಎರಡನೇ ಸತ್ರ ಆರಂಭಿಸುವ ಕಾಲೇಜುಗಳನ್ನು ಹುಡುಕಬಹುದು. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಾಖಲೆ ಎಲ್ಲಿರುತ್ತದೆ, ಹಳೆಯ ಕಾಲೇಜು ಅದನ್ನು ಬಿಟ್ಟುಕೊಡುವ ‘ರಿಲೀಸ್ ದಿನಾಂಕ’ ಯಾವುದು ಎಂಬುದನ್ನು ಎರಡೂ ಕಡೆಯ ಡಿಎಸ್‌ಒಗಳಿಂದ ಬರಹದಲ್ಲಿ ಪಡೆಯಿರಿ.

ಓದು ಮುಗಿಸಿದವರಿಗೆ 60 ದಿನಗಳ ಗ್ರೇಸ್ ಅವಧಿ ಇದೆ. ವರ್ಗಾವಣೆಯ ಕೋರಿಕೆ ಅದರೊಳಗೇ ಆಗಬೇಕು. ಡಿಎಸ್‌ಒ ಅನುಮತಿ ಪಡೆದು ಮಧ್ಯದಲ್ಲೇ ಓದು ಬಿಟ್ಟವರಿಗೆ ದೇಶ ಬಿಡಲು 15 ದಿನ. ನಿಯಮ ಮುರಿದು ದಾಖಲೆ ರದ್ದಾದವರಿಗೆ ಒಂದು ದಿನವೂ ಇಲ್ಲ.

ಇನ್ನೊಂದು ಎಚ್ಚರಿಕೆ. ಪದವಿ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಗಳು ಕಾರ್ಯಕ್ರಮದ ನಡುವೆ ಕಾಲೇಜು ಬದಲಿಸುವುದನ್ನು ಬಿಗಿಗೊಳಿಸುವ ನಿಯಮವೊಂದನ್ನು 2025ರ ಆಗಸ್ಟ್‌ನಲ್ಲಿ ಅಮೆರಿಕದ ಗೃಹಭದ್ರತಾ ಇಲಾಖೆ ಪ್ರಸ್ತಾಪಿಸಿತ್ತು. ನೀವು ಕೋರಿಕೆ ಸಲ್ಲಿಸುವ ದಿನ ಜಾರಿಯಲ್ಲಿರುವ ನಿಯಮ ಯಾವುದೆಂದು ಡಿಎಸ್‌ಒ ಬಳಿ ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 2: ಬಿಲ್ಲನ್ನು ಸಾಲುಸಾಲಾಗಿ ಓದಿ

ಕಾಲೇಜಿನ ಶುಲ್ಕ ನೋಡಿಕೊಳ್ಳುವ ಬರ್ಸರ್ ಕಚೇರಿಯಿಂದ, ಕೆಲವೆಡೆ ‘ಸ್ಟೂಡೆಂಟ್ ಅಕೌಂಟ್ಸ್’ ಎನ್ನುತ್ತಾರೆ, ಪ್ರತಿ ಸೆಮಿಸ್ಟರ್‌ನ ವಿವರವಾದ ಲೆಕ್ಕಪಟ್ಟಿ ಕೇಳಿ. ಪೋರ್ಟಲ್‌ನಲ್ಲಿ ಕಾಣುವ ಒಟ್ಟು ಮೊತ್ತ ನೋಡಿ ಗಾಬರಿಯಾಗುವುದಕ್ಕಿಂತ ಅದರೊಳಗೆ ಏನೇನು ಸೇರಿದೆ ಎಂದು ನೋಡುವುದು ಲಾಭ. ಹೊರಗಿನ ಆರೋಗ್ಯ ವಿಮೆ ಇದ್ದರೂ ಕಾಲೇಜಿನ ವಿಮೆಯ ಹಣ ಹಾಕಿರುತ್ತಾರೆ, ಮನ್ನಾ ಅರ್ಜಿಯ ಗಡುವು ಮೀರಿರುತ್ತದೆ. ಪ್ರಕಟವಾದ ವಿದ್ಯಾರ್ಥಿವೇತನ ಖಾತೆಗೆ ಜಮೆಯಾಗಿರುವುದಿಲ್ಲ. ಬಿಟ್ಟುಹೋದ ಹಾಸ್ಟೆಲ್ ಕೋಣೆಯ ಬಾಡಿಗೆ ಓಡುತ್ತಲೇ ಇರುತ್ತದೆ. ತಿಂಗಳಿಗೊಂದರಂತೆ ಬಿದ್ದ ವಿಳಂಬ ಶುಲ್ಕವನ್ನು, ಕಂತಿನ ಒಪ್ಪಂದಕ್ಕೆ ಬರುವವರಿಗೆ, ಕಚೇರಿಗಳು ಕೆಲವೊಮ್ಮೆ ಕೈಬಿಡುತ್ತವೆ. ಕೇಳದೆ ಯಾರೂ ಬಿಡುವುದಿಲ್ಲ.

‘ತರಗತಿಗೇ ಹೋಗಿಲ್ಲ, ಶುಲ್ಕ ಯಾಕೆ’ ಎಂಬ ವಾದ ನಿಲ್ಲುವುದಿಲ್ಲ. ನೋಂದಣಿ ಮಾಡುವಾಗ ಹಣಕಾಸಿನ ಹೊಣೆಯ ಒಪ್ಪಂದಕ್ಕೆ ಟಿಕ್ ಹಾಕಿರುತ್ತೀರಿ. ಕೋರ್ಸ್ ಬಿಡುವ ಕೊನೆಯ ದಿನದೊಳಗೆ ಬಿಡದಿದ್ದರೆ ಹಾಜರಾತಿ ಶೂನ್ಯವಿದ್ದರೂ ಬಿಲ್ ನಿಮ್ಮದೇ. ಆ ದಿನದೊಳಗೆ ಬಿಡುವುದು ‘ಡ್ರಾಪ್’, ಶುಲ್ಕ ಅಳಿಯುತ್ತದೆ. ಆಮೇಲೆ ಬಿಡುವುದು ‘ವಿತ್‌ಡ್ರಾ’. ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ ಬೀಳುತ್ತದೆ, ಮರುಪಾವತಿ ವಾರದಿಂದ ವಾರಕ್ಕೆ ಇಳಿದು ಸೊನ್ನೆಯಾಗುತ್ತದೆ. ಅನಾರೋಗ್ಯದಂಥ ಕಾರಣವಿದ್ದು ದಾಖಲೆಗಳೂ ಇದ್ದರೆ ಶುಲ್ಕ ಮೇಲ್ಮನವಿಗೆ ಅವಕಾಶ ಕೊಡುವ ಕಾಲೇಜುಗಳಿವೆ. ಆದರೆ ಹಿಂದಿನ ಸೆಮಿಸ್ಟರನ್ನೇ ಹಿನ್ನೋಟದಲ್ಲಿ ರದ್ದು ಮಾಡಿಸುವ ಮೊದಲು ಡಿಎಸ್‌ಒ ಬಳಿ ಮಾತಾಡಿ. ಬಿಲ್ ಅಳಿಸಲು ಹೋಗಿ ಆ ಸೆಮಿಸ್ಟರ್‌ನ ಪೂರ್ಣಾವಧಿ ಓದನ್ನೇ ಅಳಿಸಿಕೊಂಡರೆ ಸ್ಥಿತಿಗೆ ಧಕ್ಕೆ.

ಬಾಕಿಯ ನಿಜವಾದ ಮೊತ್ತ ಗೊತ್ತಾದ ಮೇಲೆ ಬರ್ಸರ್ ಕಚೇರಿಗೆ ನಿರ್ದಿಷ್ಟ ಪ್ರಸ್ತಾವ ಇಡಿ. ‘ಸ್ವಲ್ಪ ಸಮಯ ಕೊಡಿ’ ಎನ್ನುವುದು ಪ್ರಸ್ತಾವವಲ್ಲ. ‘ಬಾಕಿ 6,400 ಡಾಲರ್. ಇಂದು 1,600 ಕೊಡುತ್ತೇನೆ, ಉಳಿದ 4,800 ಡಾಲರ್ ತಿಂಗಳಿಗೆ 400ರಂತೆ 12 ಕಂತು, ಮೊದಲ ಪಾವತಿ ಬಂದೊಡನೆ ಟ್ರಾನ್ಸ್‌ಕ್ರಿಪ್ಟ್ ಹೋಲ್ಡ್ ತೆಗೆಯಬೇಕು’ ಎಂದು ಬರೆಯಿರಿ. ಕೊನೆಯ ಷರತ್ತು ಬರಹದಲ್ಲಿ ಒಪ್ಪಿಗೆಯಾಗದೆ ಹಣ ಕಳಿಸಬೇಡಿ. ಖಾತೆಯ ಮೇಲೆ ನೋಂದಣಿಯದೊಂದು, ಟ್ರಾನ್ಸ್‌ಕ್ರಿಪ್ಟಿನದೊಂದು ಎಂದು ಬೇರೆಬೇರೆ ಹೋಲ್ಡ್‌ಗಳಿರುತ್ತವೆ. ಒಂದನ್ನು ತೆಗೆದು ಇನ್ನೊಂದನ್ನು ಮರೆಯುವುದು ಕಚೇರಿಗಳ ಹಳೆಯ ಚಾಳಿ. ಹೋಲ್ಡ್ ಬೇಗ ತೆರವಾಗಬೇಕಿದ್ದರೆ ಚೆಕ್ ಬೇಡ, ಅದು ಕ್ಲಿಯರ್ ಆಗುವವರೆಗೆ ಕಾಯಿಸುತ್ತಾರೆ. ಕಾರ್ಡಿನಲ್ಲಿ ಕಟ್ಟಿದರೆ ಹೆಚ್ಚಿನ ಕಡೆ ಶೇಕಡಾ 2–3ರಷ್ಟು ಹೆಚ್ಚುವರಿ ಶುಲ್ಕ. ವಿದೇಶದಿಂದ ವೈರ್ ಮಾಡಿದರೆ ಕೆಲವು ಕೆಲಸದ ದಿನ ಹಿಡಿಯುತ್ತದೆ. ವಿದ್ಯಾರ್ಥಿ ಸಂಖ್ಯೆ ನಮೂದಿಸದ ವೈರ್ ಯಾರ ಖಾತೆಗೂ ಸೇರದೆ ತೂಗಾಡುತ್ತದೆ.

‘ನಿಮ್ಮ ಶುಲ್ಕ ನಾವು ಕಟ್ಟುತ್ತೇವೆ, ನಮಗೆ ಶೇಕಡಾ 10 ಕಡಿಮೆ ಕೊಟ್ಟರೆ ಸಾಕು’ ಎನ್ನುವವರು ವಿದ್ಯಾರ್ಥಿ ಗುಂಪುಗಳಲ್ಲಿ ಸಿಗುತ್ತಾರೆ. ಕದ್ದ ಕಾರ್ಡಿನಲ್ಲಿ ಕಟ್ಟುತ್ತಾರೆ, ಖಾತೆ ಸೊನ್ನೆ ತೋರಿಸುತ್ತದೆ, ನೀವು ನಗದು ಕೊಡುತ್ತೀರಿ. ಕೆಲವು ವಾರಗಳಲ್ಲಿ ಕಾರ್ಡಿನ ನಿಜವಾದ ಮಾಲೀಕ ದೂರು ಕೊಟ್ಟಾಗ ಆ ಪಾವತಿ ವಾಪಸಾಗುತ್ತದೆ. ಬಾಕಿ ಮತ್ತೆ ಪೂರ್ತಿ ನಿಲ್ಲುತ್ತದೆ, ಕೊಟ್ಟ ನಗದು ಹೋಗಿರುತ್ತದೆ, ಮೇಲೆ ವಂಚನೆಯ ವಿಚಾರಣೆ.

ಹೊರಗೆ ಅನುಮತಿಯಿಲ್ಲದೆ ದುಡಿದು ಬಾಕಿ ತೀರಿಸುವ ಯೋಚನೆ ಇದಕ್ಕಿಂತ ಕೆಟ್ಟದ್ದು. ಮುಂದೆ ಸ್ಥಿತಿ ಸರಿಪಡಿಸುವ ಅರ್ಜಿ ಹಾಕಬೇಕಾಗಿ ಬಂದರೆ ಅನಧಿಕೃತ ಕೆಲಸ ಆ ದಾರಿಯನ್ನೇ ಮುಚ್ಚುತ್ತದೆ. ಕ್ಯಾಂಪಸ್ಸಿನೊಳಗೆ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಒಂದು ಶೈಕ್ಷಣಿಕ ವರ್ಷ ಮುಗಿಸಿದವರಿಗೆ, ಪ್ರಾಯೋಜಕರ ಸಾವು, ಕರೆನ್ಸಿ ಕುಸಿತದಂಥ ಅನಿರೀಕ್ಷಿತ ಕಾರಣಕ್ಕೆ ತೀವ್ರ ಆರ್ಥಿಕ ಸಂಕಷ್ಟ ಬಂದಿದ್ದರೆ, ಡಿಎಸ್‌ಒ ಶಿಫಾರಸಿನೊಂದಿಗೆ ಐ-765 ಅರ್ಜಿ ಸಲ್ಲಿಸಿ ಕ್ಯಾಂಪಸ್ ಹೊರಗೆ ದುಡಿಯುವ ಅನುಮತಿ ಕೇಳುವ ದಾರಿಯೂ ಇದೆ. ಮೊದಲ ದಿನದಿಂದಲೇ ಸಿಪಿಟಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ) ಕೊಡುತ್ತೇವೆ ಎಂದು ಕರೆಯುವ ಕಾಲೇಜಿಗೆ ಬಾಕಿಯ ಒತ್ತಡದಲ್ಲಿ ಓಡುವವರಿದ್ದಾರೆ. ಒಂದೇ ಹಂತದಲ್ಲಿ 12 ತಿಂಗಳ ಪೂರ್ಣಾವಧಿ ಸಿಪಿಟಿ ಬಳಸಿದರೆ ಆ ಹಂತದ ಒಪಿಟಿ, ಅಂದರೆ ಮುಖ್ಯವಾಗಿ ಓದು ಮುಗಿದ ಮೇಲೆ ಸಿಗುವ ಕೆಲಸದ ಅನುಮತಿ, ಕೈತಪ್ಪುತ್ತದೆ, ಮುಂದೆ ಎಚ್-1ಬಿ ಉದ್ಯೋಗ ವೀಸಾದ ಹೊತ್ತಿನಲ್ಲಿ ಪ್ರಶ್ನೆಗಳೂ ಏಳುತ್ತವೆ ಎಂಬುದು ತಿಳಿದಿರಲಿ.

ಹಂತ 3: ಬೀಗ ಬೀಳುವ ಮೊದಲು ಕಾಗದಗಳನ್ನು ಎತ್ತಿಟ್ಟುಕೊಳ್ಳಿ

ಇದಕ್ಕೆ ಒಂದು ಸಂಜೆ ಸಾಕು. ಅನಧಿಕೃತ ಅಂಕಪಟ್ಟಿಯ ಪಿಡಿಎಫ್, ಪ್ರತಿ ಕೋರ್ಸಿನ ಪಠ್ಯವಿವರ, ನೋಂದಣಿಯ ದೃಢೀಕರಣ, ಈವರೆಗಿನ ಎಲ್ಲ ಐ-20ಗಳು, ಐ-94 (ದೇಶ ಪ್ರವೇಶಿಸಿದ ದಾಖಲೆ), ಐ-901 ಶುಲ್ಕದ (ಸೆವಿಸ್ ಶುಲ್ಕ) ರಸೀದಿ, ಕಟ್ಟಿದ ಪ್ರತಿ ಕಂತಿನ ರಸೀದಿ, ಹೋಲ್ಡ್ ತೋರಿಸುವ ಪುಟದ ಸ್ಕ್ರೀನ್‌ಶಾಟ್. ಕಾಲೇಜಿನ ಇಮೇಲ್‌ನಲ್ಲಿರುವ ಮುಖ್ಯ ಪತ್ರಗಳನ್ನು ಸ್ವಂತ ವಿಳಾಸಕ್ಕೆ ಕಳಿಸಿಕೊಳ್ಳಿ. ಕಾಲೇಜು ಬಿಟ್ಟ ಮೇಲೆ ಆ ಖಾತೆ ಯಾವತ್ತಾದರೂ ಮುಚ್ಚುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಹಂತ 4: ಅಂಕಪಟ್ಟಿಯ ಗಂಟು

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಬೆವರಿಳಿಸುವುದು ಇದೇ. ವರ್ಗಾವಣೆ ಐ-20 ಬರಬೇಕಾದರೆ ಪ್ರವೇಶ ಬೇಕು, ಪ್ರವೇಶಕ್ಕೆ ಹೆಚ್ಚಿನ ಕಾಲೇಜುಗಳು ಹಿಂದೆ ಓದಿದ ಎಲ್ಲ ಕಡೆಯ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತವೆ, ಟ್ರಾನ್ಸ್‌ಕ್ರಿಪ್ಟ್ ಬಾಕಿಯ ಹಿಂದೆ ಬಂಧಿಯಾಗಿದೆ.

ಮೊದಲು ನಿಮ್ಮ ಹಳೆಯ ಕಾಲೇಜು ಇರುವ ರಾಜ್ಯ ಯಾವುದೆಂದು ನೋಡಿ. ಸಾಲಕ್ಕಾಗಿ ಟ್ರಾನ್ಸ್‌ಕ್ರಿಪ್ಟ್ ತಡೆಯುವುದನ್ನು ನಿಷೇಧಿಸುವ ಕ್ಯಾಲಿಫೋರ್ನಿಯದ ಕಾನೂನು 2020ರ ಜನವರಿ 1ರಿಂದ ಜಾರಿಯಲ್ಲಿದೆ. ನ್ಯೂಯಾರ್ಕ್ 2022ರಲ್ಲಿ ಇಂಥದ್ದೇ ಕಾನೂನು ತಂದಿತು. ಅದೇ ವರ್ಷದ ಕೊಲೊರಾಡೊ ಕಾನೂನು ಪೂರ್ಣ ನಿಷೇಧವಲ್ಲ. ಬೇರೆ ಕಾಲೇಜಿಗೆ ವರ್ಗವಾಗಲು, ಕೆಲಸಕ್ಕೆ ಅರ್ಜಿ ಹಾಕಲು ಬೇಕೆಂದು ತೋರಿಸಿದವರಿಗೆ ಕೊಡಬೇಕು ಎನ್ನುತ್ತದೆ. ಇನ್ನೂ ಹಲವು ರಾಜ್ಯಗಳಲ್ಲಿ ಭಾಗಶಃ ನಿರ್ಬಂಧಗಳಿವೆ. ಈ ಕಾನೂನುಗಳು ಪೌರತ್ವ ಕೇಳುವುದಿಲ್ಲ, ಎಫ್-1 ವಿದ್ಯಾರ್ಥಿಗೂ ಅನ್ವಯಿಸುತ್ತವೆ. ರಿಜಿಸ್ಟ್ರಾರ್ ಕಚೇರಿಯ ಮುಂಭಾಗದಲ್ಲಿ ಕೂತವರಿಗೆ ಇದು ಗೊತ್ತಿರಲೇಬೇಕೆಂದಿಲ್ಲ. ಕಾನೂನಿನ ಹೆಸರು ಹಾಕಿ ಇಮೇಲ್ ಬರೆದರೆ ಮೇಲಿನವರವರೆಗೆ ಹೋಗುತ್ತದೆ.

ಕೇಂದ್ರದ ನಿಯಮವೊಂದರ ಬಗ್ಗೆ ತಪ್ಪು ಕಲ್ಪನೆ ಹರಡಿದೆ. 2024ರ ಜುಲೈ 1ರಿಂದ ಜಾರಿಯಾದ ಶಿಕ್ಷಣ ಇಲಾಖೆಯ ನಿಯಮದಂತೆ, ವಿದ್ಯಾರ್ಥಿ ಕೇಂದ್ರ ಸರ್ಕಾರದ ನೆರವು ಪಡೆದ ಮತ್ತು ಆ ಅವಧಿಯ ಶುಲ್ಕ ಪೂರ್ತಿ ಕಟ್ಟಿದ ಸೆಮಿಸ್ಟರ್‌ಗಳ ಕ್ರೆಡಿಟ್‌ಗಳನ್ನು ತೋರಿಸುವ ಟ್ರಾನ್ಸ್‌ಕ್ರಿಪ್ಟನ್ನು ಕಾಲೇಜು ಕೊಡಲೇಬೇಕು. ಎಫ್-1 ವಿದ್ಯಾರ್ಥಿಗೆ ಆ ನೆರವು ಸಿಗುವುದಿಲ್ಲವಾದ್ದರಿಂದ ಈ ನಿಯಮ ನೇರವಾಗಿ ಕೈಹಿಡಿಯದು. ಆದರೂ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡುವ ಗೋಜು ಬೇಡವೆಂದು ಎಲ್ಲರಿಗೂ ಒಂದೇ ನೀತಿ ಮಾಡಿಕೊಂಡ ಕಾಲೇಜುಗಳಿವೆ. ಆದ್ದರಿಂದ ‘ಶುಲ್ಕ ಪೂರ್ತಿ ಕಟ್ಟಿರುವ ಸೆಮಿಸ್ಟರ್‌ಗಳ ಟ್ರಾನ್ಸ್‌ಕ್ರಿಪ್ಟಾದರೂ ಕೊಡಿ’ ಎಂದು ಕೇಳಿ. ಹೊಸ ಕಾಲೇಜಿಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕಾನೂನಿನ ಆಸರೆ ಇಲ್ಲದ ಕಡೆ ಹೊಸ ಕಾಲೇಜಿನ ಬಾಗಿಲು ತಟ್ಟಿ. ಪ್ರವೇಶ ಕಚೇರಿಗೆ ಸತ್ಯ ಹೇಳಿ ಬರೆಯಿರಿ: ಶುಲ್ಕದ ಬಾಕಿಯಿಂದ ಅಧಿಕೃತ ಪ್ರತಿ ತಡವಾಗುತ್ತಿದೆ, ಅನಧಿಕೃತ ಪ್ರತಿ ಲಗತ್ತಿಸಿದೆ, ಕಂತಿನ ಒಪ್ಪಂದ ಇಂಥದ್ದು, ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಅಧಿಕೃತ ಪ್ರತಿ ತಲುಪಿಸುತ್ತೇನೆ, ಷರತ್ತಿನ ಪ್ರವೇಶ ಕೊಡಬಹುದೇ? ಒಪ್ಪುವ ಕಾಲೇಜುಗಳಿವೆ, ವಿಶೇಷವಾಗಿ ಕಮ್ಯುನಿಟಿ ಕಾಲೇಜುಗಳು, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜುಗಳು. ಆದರೆ ಷರತ್ತಿನ ಪ್ರವೇಶ ಸಾಕೇ, ಐ-20 ಕೊಡುತ್ತೀರಾ ಎಂದು ಅಲ್ಲಿಯ ಡಿಎಸ್‌ಒ ಬಳಿ ಪ್ರತ್ಯೇಕವಾಗಿ ಕೇಳಿ. ಪ್ರವೇಶ ಕಚೇರಿ ಹೂಂ ಎಂದು ವಿದೇಶಿ ವಿದ್ಯಾರ್ಥಿ ಕಚೇರಿ ಉಹೂಂ ಎನ್ನುವುದು ಉಂಟು. ಸ್ನಾತಕೋತ್ತರದಲ್ಲಿ ಹೇಗೂ 6ರಿಂದ 9 ಕ್ರೆಡಿಟ್‌ಗಿಂತ ಹೆಚ್ಚು ವರ್ಗಾಯಿಸುವ ಕಾಲೇಜುಗಳು ಕಡಿಮೆ. ಆ ಕ್ರೆಡಿಟ್‌ಗಳ ಬೆಲೆ ಬಾಕಿಯ ಮೊತ್ತಕ್ಕೆ ಸಮವೇ ಎಂದು ಲೆಕ್ಕ ಹಾಕಿ ನೋಡಿ.

ವಿದ್ಯಾರ್ಥಿ ದಾಖಲೆಗಳ ಬಗೆಗಿನ ಅಮೆರಿಕದ ಫೆರ್ಪಾ ಕಾನೂನಿನಡಿ ನಿಮ್ಮ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ಬಾಕಿಯಿದ್ದರೂ ನಿಮಗಿದೆ. ಬರೆದು ಕೇಳಿದ 45 ದಿನಗಳೊಳಗೆ ತೋರಿಸಬೇಕು. ದೂರದಲ್ಲಿದ್ದು ಬಂದು ನೋಡಲಾಗದವರಿಗೆ ಪ್ರತಿ ಕೊಡಬೇಕಾಗುತ್ತದೆ. ಅದು ಮುದ್ರೆಯಿರುವ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಆಗಿರುವುದಿಲ್ಲ, ಆದರೆ ಏನೂ ಇಲ್ಲದವನ ಕೈಯಲ್ಲಿ ಅದೂ ದಾಖಲೆಯೇ.

ಒಂದು ಅಡ್ಡದಾರಿಯನ್ನು ಬಹಳ ಜನ ಸೂಚಿಸುತ್ತಾರೆ: ಹಳೆಯ ಕಾಲೇಜಿನ ಸುದ್ದಿಯೇ ಎತ್ತದೆ ಹೊಸಬರಂತೆ ಅರ್ಜಿ ಹಾಕುವುದು. ನಿಮ್ಮ ಸೆವಿಸ್ ಸಂಖ್ಯೆಯೇ ಹಳೆಯ ಕಾಲೇಜನ್ನು ತೋರಿಸುತ್ತದೆ. ಅದರ ಹೊರತಾಗಿಯೂ ಯಾರು ಎಲ್ಲಿ ನೋಂದಾಯಿಸಿದ್ದರು ಎಂದು ಕಾಲೇಜುಗಳು ಪರಸ್ಪರ ಪರಿಶೀಲಿಸುವ ರಾಷ್ಟ್ರೀಯ ವ್ಯವಸ್ಥೆ ಇದೆ. ಸಿಕ್ಕಿಬಿದ್ದರೆ ಪ್ರವೇಶ ರದ್ದು, ಹೇಳಿಕೊಳ್ಳಲು ನೆವವೂ ಇರುವುದಿಲ್ಲ.

ಹಂತ 5: ಡಿಎಸ್‌ಒಗೆ ಕೋರಿಕೆ

ಕೈಯಲ್ಲಿ ಇರಬೇಕಾದ್ದು ಮೂರು: ಹೊಸ ಕಾಲೇಜಿನ ಪ್ರವೇಶಪತ್ರ, ಅವರ ವರ್ಗಾವಣೆ ನಮೂನೆ, ಅವರ ಸೆವಿಸ್ ಶಾಲಾ ಸಂಕೇತ. ಹಲವು ಕ್ಯಾಂಪಸ್ ಇರುವ ವಿಶ್ವವಿದ್ಯಾಲಯವಾದರೆ ಸಂಕೇತವೂ ಕ್ಯಾಂಪಸ್ ಹೆಸರೂ ಸರಿಯಾಗಿರಲಿ. ತಪ್ಪು ಕ್ಯಾಂಪಸ್ಸಿಗೆ ಹೋದ ದಾಖಲೆಯನ್ನು ಮರಳಿ ತರುವುದರಲ್ಲಿ ವಾರಗಳು ಕಳೆಯುತ್ತವೆ. ಜೊತೆಗೆ ಹೊಸ ಐ-20ಗಾಗಿ ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸುವ ಬ್ಯಾಂಕ್ ದಾಖಲೆ ಹೊಸ ಕಾಲೇಜಿಗೆ ಬೇಕು. ಶಿಕ್ಷಣ ಸಾಲದ ಮಂಜೂರಾತಿ ಪತ್ರದಲ್ಲಿ ಹಳೆಯ ಕಾಲೇಜಿನ ಹೆಸರಿದ್ದರೆ ಬ್ಯಾಂಕಿನಿಂದ ತಿದ್ದಿಸಲು ಈಗಲೇ ಶುರು ಮಾಡಿ, ಡಿಎಸ್‌ಒ ಕೆಲಸಕ್ಕಿಂತ ಅದೇ ನಿಧಾನ.

ಕೋರಿಕೆಯ ಇಮೇಲ್ ಚಿಕ್ಕದಿರಲಿ. ಹೆಸರು, ಸೆವಿಸ್ ಸಂಖ್ಯೆ, ಹೊಸ ಕಾಲೇಜು ಮತ್ತು ಸಂಕೇತ, ಬೇಕಾದ ರಿಲೀಸ್ ದಿನಾಂಕ, ಲಗತ್ತುಗಳು. ಬಾಕಿಯ ಕಥೆ ಇಲ್ಲಿ ಬೇಡ. ಡಿಎಸ್‌ಒ ಅದನ್ನು ನಿರ್ಧರಿಸುವವರಲ್ಲ.

ರಿಲೀಸ್ ದಿನಾಂಕವನ್ನು ಯೋಚಿಸಿ ಆರಿಸಿ. ಆ ದಿನ ದಾಖಲೆಯ ಹಿಡಿತ ಹೊಸ ಕಾಲೇಜಿಗೆ ಹೋಗುತ್ತದೆ. ಅದಕ್ಕೂ ಮೊದಲು ಮನಸ್ಸು ಬದಲಾದರೆ ಹಳೆಯ ಡಿಎಸ್‌ಒ ರದ್ದು ಮಾಡಬಹುದು, ಆಮೇಲೆ ಆಗದು. ಸೆಮಿಸ್ಟರ್ ನಡೆಯುತ್ತಿದ್ದರೆ ಅದು ಮುಗಿದ ಮೇಲಿನ ದಿನವೇ ಸರಿ. ಹಳೆಯ ಕ್ಯಾಂಪಸ್ಸಿನ ಕೆಲಸ, ಸಿಪಿಟಿ, ಒಪಿಟಿ ಮೂರೂ ರಿಲೀಸ್ ದಿನಕ್ಕೆ ನಿಲ್ಲುತ್ತವೆ. ಒಪಿಟಿ ಕಾರ್ಡಿನ ಮೇಲೆ ಇನ್ನೂ ಆರು ತಿಂಗಳು ಎಂದು ಅಚ್ಚಾಗಿದ್ದರೂ ಅಷ್ಟೇ. ಹೊಸ ಕ್ಯಾಂಪಸ್ಸಿನ ಕೆಲಸ ರಿಲೀಸ್ ಆದ ಮೇಲಿಂದ ಶುರು. ಕೊನೆಯ ಸಂಬಳ ಬಾಕಿಯ ಕಂತಿಗೆ ಬೇಕಿದ್ದರೆ ದಿನಾಂಕ ಎರಡು ವಾರ ಮುಂದಿಟ್ಟುಕೊಳ್ಳಬಹುದು, ಗಡುವುಗಳು ಒಪ್ಪಿದರೆ.

ಕೋರ್ಸ್ ಬಿಡುವುದು, ಕಾಲೇಜಿನಿಂದ ಔಪಚಾರಿಕವಾಗಿ ಹೊರಬರುವುದು, ವರ್ಗಾವಣೆ, ಇವುಗಳ ಕ್ರಮ ತಪ್ಪಬಾರದು. ವರ್ಗಾವಣೆ ಸೆವಿಸ್‌ನಲ್ಲಿ ದಾಖಲಾಗಿದೆ ಎಂದು ಡಿಎಸ್‌ಒ ತಿಳಿಸಿದ ನಂತರವೇ ಮುಂದಿನ ಸೆಮಿಸ್ಟರ್‌ನ ಕೋರ್ಸ್‌ಗಳನ್ನು ಬಿಡಿ. ಬಿಡುವುದನ್ನು ಮರೆಯಲೂಬೇಡಿ: ಮುಂಗಡ ನೋಂದಣಿ ಹಾಗೇ ಉಳಿದು, ಓದದ ಸೆಮಿಸ್ಟರ್‌ಗೂ ಪೂರ್ತಿ ಬಿಲ್ ಬಂದು, ಆರು ಸಾವಿರದ ಬಾಕಿ ಹದಿನಾರಾಗುವುದು ಹೀಗೆಯೇ.

ಕೊಡುವುದಿಲ್ಲ ಎಂದರೆ

ಕೆಲವು ಕಾಲೇಜುಗಳ ವರ್ಗಾವಣೆ ನಮೂನೆಯಲ್ಲಿ ‘ಬರ್ಸರ್ ಸಹಿ’ ಎಂಬ ಖಾನೆ ಇರುತ್ತದೆ. ಅದು ಕಾಲೇಜಿನ ಆಂತರಿಕ ಪದ್ಧತಿ, ಸರ್ಕಾರದ ನಿಯಮವಲ್ಲ. ಖಾನೆಯಲ್ಲಿ ‘ಬಾಕಿ ಇದೆ, ಚರ್ಚೆಯಲ್ಲಿದೆ’ ಎಂದು ಬರೆದು ಸಲ್ಲಿಸಿ. ವಾಪಸು ಬಂದರೆ ನಿರಾಕರಣೆಯನ್ನು ಇಮೇಲ್‌ನಲ್ಲಿ ಕೇಳಿ. ‘ಬಾಕಿಯ ಕಾರಣಕ್ಕೆ ಸೆವಿಸ್ ದಾಖಲೆ ವರ್ಗಾಯಿಸಲಾಗದು ಎಂಬುದೇ ಕಚೇರಿಯ ನಿರ್ಧಾರವೇ, ದಯವಿಟ್ಟು ಖಚಿತಪಡಿಸಿ’ ಎಂಬ ಒಂದು ಸಾಲು ಸಾಕು. ಅದನ್ನು ಬರಹದಲ್ಲಿ ಹೇಳಲು ಕಚೇರಿಗಳು ಹಿಂಜರಿಯುತ್ತವೆ.

ಅಲ್ಲಿಂದ ಮುಂದಿನ ಮೆಟ್ಟಿಲು ಪಿಡಿಎಸ್‌ಒ, ಅಂದರೆ ಕಾಲೇಜಿನ ಮುಖ್ಯ ಡಿಎಸ್‌ಒ. ನಂತರ ವಿದೇಶಿ ವಿದ್ಯಾರ್ಥಿ ಕಚೇರಿಯ ನಿರ್ದೇಶಕರು, ಕಾಲೇಜಿನ ಓಂಬುಡ್ಸ್‌ಮನ್. ಅದೇ ಹೊತ್ತಿಗೆ ಹೊಸ ಕಾಲೇಜಿನ ಡಿಎಸ್‌ಒಗೆ ತಿಳಿಸಿ. ಡಿಎಸ್‌ಒ ಡಿಎಸ್‌ಒಗೆ ಮಾಡಿದ ಒಂದು ಫೋನ್ ನಿಮ್ಮ ಹತ್ತು ಇಮೇಲ್‌ಗಳಿಗಿಂತ ಬೇಗ ಕೆಲಸ ಮಾಡುತ್ತದೆ. ಇವ್ಯಾವುದೂ ಆಗದಿದ್ದರೆ ಎಸ್‌ಇವಿಪಿಯ ಸಹಾಯ ಕೇಂದ್ರವಿದೆ, ವಿದ್ಯಾರ್ಥಿಗಳೂ ನೇರವಾಗಿ ಸಂಪರ್ಕಿಸಬಹುದು. ದಿನಾಂಕವಾರು ಇಮೇಲ್‌ಗಳು ನಿಮ್ಮ ಬಳಿ ಇರಲಿ.

ಡಿಎಸ್‌ಒಗಳ ಬಗ್ಗೆ ಒಂದು ಮಾತು ಹೇಳಬೇಕು: ಹೆಚ್ಚಿನವರು ನಿಮ್ಮ ಪರವಾಗಿಯೇ ಇರುತ್ತಾರೆ, ಬರ್ಸರ್ ಕಚೇರಿಯ ಒತ್ತಡ ಅವರಿಗೂ ಇರುತ್ತದೆ. ಮೊದಲ ಇಮೇಲ್‌ನಲ್ಲೇ ವಕೀಲರ ಭಾಷೆ ಬೇಡ.

ದಾಖಲೆ ಈಗಾಗಲೇ ರದ್ದಾಗಿದ್ದರೆ

ಪೂರ್ಣಾವಧಿ ಓದದೆ ಸ್ಥಿತಿ ಕಳೆದುಕೊಂಡವರಿಗೆ ಸಾಮಾನ್ಯ ವರ್ಗಾವಣೆಯ ಹಕ್ಕಿಲ್ಲ. ಆದರೂ ರದ್ದಾದ ದಾಖಲೆಯನ್ನೇ ಹೊಸ ಕಾಲೇಜಿಗೆ ಕಳಿಸಬಹುದು. ಅಲ್ಲಿನ ಡಿಎಸ್‌ಒ ಒಪ್ಪಿದರೆ ಅವರ ಐ-20 ಇಟ್ಟು ಐ-539 ನಮೂನೆಯ ಮೂಲಕ ಸ್ಥಿತಿ ಮರುಸ್ಥಾಪನೆಗೆ ಅರ್ಜಿ ಹಾಕುವುದು. 2024ರ ಏಪ್ರಿಲ್ 1ರಿಂದ ಇದರ ಶುಲ್ಕ ಆನ್‌ಲೈನ್‌ನಲ್ಲಿ 420 ಡಾಲರ್, ಕಾಗದದಲ್ಲಿ 470. ಸ್ಥಿತಿ ತಪ್ಪಿ ಐದು ತಿಂಗಳು ಮೀರಿರಬಾರದು, ಮೀರಿದ್ದರೆ ಅಸಾಧಾರಣ ಕಾರಣ ಬೇಕು, ಐ-901 ಶುಲ್ಕ 350 ಡಾಲರ್ ಮತ್ತೆ ಕಟ್ಟಬೇಕು. ಪದೇಪದೇ ನಿಯಮ ಮುರಿದಿರಬಾರದು, ಅನಧಿಕೃತ ಕೆಲಸ ಇರಬಾರದು, ತಪ್ಪಿದ್ದು ನಿಮ್ಮ ಕೈಮೀರಿದ ಕಾರಣಕ್ಕೆ ಎಂದು ತೋರಿಸಬೇಕು. ‘ಹಣ ಇರಲಿಲ್ಲ’ ಎಂಬುದೊಂದೇ ದುರ್ಬಲ ಕಾರಣ. ಪ್ರಾಯೋಜಕರಿಗೆ ಬಂದ ಕಾಯಿಲೆ, ಬ್ಯಾಂಕ್ ನಿಲ್ಲಿಸಿದ ಸಾಲದ ಕಂತು, ಅದರ ಪತ್ರಗಳು, ಹಣ ಹೊಂದಿಸಲು ನೀವು ಮಾಡಿದ ಪ್ರಯತ್ನದ ದಾಖಲೆ ಇದ್ದರೆ ಅರ್ಜಿಗೆ ಬಲ. ನಿರ್ಧಾರಕ್ಕೆ ತಿಂಗಳುಗಳು ಹಿಡಿಯುತ್ತವೆ. ಆ ನಡುವೆ ಓದು ಮುಂದುವರಿಸಿ, ಯಾವ ಕೆಲಸವನ್ನೂ ಮಾಡಬೇಡಿ.

ಇನ್ನೊಂದು ದಾರಿ: ದೇಶ ಬಿಟ್ಟು, ಹೊಸ ಸೆವಿಸ್ ಸಂಖ್ಯೆಯ ಐ-20 ಪಡೆದು, ಐ-901 ಮತ್ತೆ ಕಟ್ಟಿ ಮರುಪ್ರವೇಶ. ಬೇಗ ಮುಗಿಯುತ್ತದೆ, ಆದರೆ ಸಿಪಿಟಿ, ಒಪಿಟಿಗೆ ಬೇಕಾದ ಒಂದು ಶೈಕ್ಷಣಿಕ ವರ್ಷದ ಲೆಕ್ಕ ಮೊದಲಿಂದ ಶುರು. ಯಾವ ದಾರಿ ಎಂಬುದನ್ನು ಮಾತ್ರ ವಲಸೆ ವಕೀಲರ ಬಳಿ ಕೇಳದೆ ನಿರ್ಧರಿಸಬೇಡಿ. ಮರುಸ್ಥಾಪನೆ ತಿರಸ್ಕೃತವಾದರೆ ಮರುದಿನದಿಂದ ಕಾನೂನುಬಾಹಿರ ವಾಸದ ದಿನಗಳು ಎಣಿಕೆಯಾಗುತ್ತವೆ.

ವರ್ಗವಾದ ಮೇಲೆ

ಹೊಸ ಐ-20ರಲ್ಲಿರುವ ಆರಂಭದ ದಿನದಿಂದ 15 ದಿನಗಳೊಳಗೆ ಡಿಎಸ್‌ಒ ಮುಂದೆ ಹಾಜರಿ, ಪೂರ್ಣಾವಧಿ ನೋಂದಣಿ, 10 ದಿನಗಳೊಳಗೆ ಹೊಸ ವಿಳಾಸ. ‘ವರ್ಗಾವಣೆ ಇನ್ನೂ ಪೂರ್ಣವಾಗಿಲ್ಲ’ ಎಂದಿರುವ ಐ-20 ಆಮೇಲೆ ‘ಮುಂದುವರಿದ ಹಾಜರಾತಿ’ ಎಂದು ಬದಲಾಗಿ ಬಂದಿದೆಯೇ ನೋಡಿ. ಐ-901 ಮತ್ತೆ ಕಟ್ಟುವ ಅಗತ್ಯವಿಲ್ಲ. ರಿಲೀಸ್ ನಂತರ ವಿದೇಶಕ್ಕೆ ಹೋದರೆ ಮರಳುವುದು ಹೊಸ ಐ-20 ಮೇಲೆ. ವೀಸಾದಲ್ಲಿ ಹಳೆಯ ಕಾಲೇಜಿನ ಹೆಸರಿದ್ದರೂ ಅವಧಿ ಇದ್ದರೆ ನಡೆಯುತ್ತದೆ.

ಹಳೆಯ ಬಾಕಿ ಎಲ್ಲಿಗೆ ಹೋಗುತ್ತದೆ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲ ಎಂದು ಹಳೆಯ ಬಿಲ್ಲನ್ನು ಮರೆತವರಿಗೆ ಅಂಬಿಗ ಮುಂದಿನ ಹೊಳೆಯಲ್ಲಿ ಸಿಗುತ್ತಾನೆ. ಕೆಲವು ತಿಂಗಳ ನಂತರ ಕಾಲೇಜು ಖಾತೆಯನ್ನು ವಸೂಲಿ ಸಂಸ್ಥೆಗೆ ಕೊಡುತ್ತದೆ, ವಸೂಲಿ ಖರ್ಚೆಂದು ಶೇಕಡಾವಾರು ಮೊತ್ತ ಸೇರುತ್ತದೆ. ಎಷ್ಟೆಂಬುದು ನೀವು ಟಿಕ್ ಹಾಕಿದ ಒಪ್ಪಂದದಲ್ಲೇ ಇರುತ್ತದೆ, ಹುಡುಕಿ ಓದಿ. ಕ್ರೆಡಿಟ್ ವರದಿಯಲ್ಲಿ ಇದು ಏಳು ವರ್ಷ ಉಳಿಯಬಹುದು. ಬಾಡಿಗೆ ಮನೆ, ಕಾರಿನ ಸಾಲ ಎರಡಕ್ಕೂ ಅಡ್ಡಿ. ವೀಸಾ ಅರ್ಜಿ ಡಿಎಸ್-160ರಲ್ಲಿ ಕಾಲೇಜಿನ ಬಾಕಿಯ ಪ್ರಶ್ನೆ ಇಲ್ಲ, ಇದು ಕ್ರಿಮಿನಲ್ ವಿಷಯವೂ ಅಲ್ಲ. ಆದರೆ ಎಚ್-1ಬಿಗೆ ಸ್ಥಿತಿ ಬದಲಿಸುವಾಗ ‘ಎಫ್-1 ಸ್ಥಿತಿ ಕಾಪಾಡಿಕೊಂಡಿದ್ದಿರಿ ಎಂದು ತೋರಿಸಿ’ ಎಂಬ ಪತ್ರ ಬಂದರೆ, ಓದಿದ ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಬೇಕಾಗುತ್ತದೆ. ಅಂದು ತಡೆಹಿಡಿದ ಕಾಗದ ನಾಲ್ಕು ವರ್ಷದ ಮೇಲೆ ಗಡುವಿನ ಒಳಗೆ ಬೇಕು.

ವಸೂಲಿ ಸಂಸ್ಥೆಯ ಮೊದಲ ಪತ್ರ ಬಂದ 30 ದಿನಗಳೊಳಗೆ ಸಾಲವನ್ನು ಬರಹದಲ್ಲಿ ಪ್ರಶ್ನಿಸಿ ಪುರಾವೆ ಕೇಳುವ ಹಕ್ಕಿದೆ. ಪುರಾವೆ ಕೊಡುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ಮೊತ್ತದಲ್ಲಿ ತಪ್ಪಿದ್ದರೆ ಸರಿಪಡಿಸಲು ಇದೇ ಸಮಯ. ರಾಜಿಗೆ ಬಂದರೆ ಕಡಿಮೆ ಮೊತ್ತಕ್ಕೆ ಒಪ್ಪುವ ಮೊದಲು ಎರಡು ವಿಷಯ ಬರಹದಲ್ಲಿ ಬೇಕು: ಇಷ್ಟು ಕಟ್ಟಿದರೆ ಖಾತೆ ಸೊನ್ನೆ, ಮತ್ತು ಕಾಲೇಜು ಟ್ರಾನ್ಸ್‌ಕ್ರಿಪ್ಟ್ ಹೋಲ್ಡ್ ತೆಗೆಯುತ್ತದೆ. ಎರಡನೆಯದನ್ನು ವಸೂಲಿ ಸಂಸ್ಥೆ ಕೊಡಲಾರದು, ಕಾಲೇಜಿನ ಬರ್ಸರ್ ಕಚೇರಿಯಿಂದಲೇ ಬರಬೇಕು. ಹಣ ಕಟ್ಟಿದ ವಾರವೇ ಅಧಿಕೃತ ಟ್ರಾನ್ಸ್‌ಕ್ರಿಪ್ಟಿನ ಎರಡು ಪ್ರತಿ ತರಿಸಿಕೊಳ್ಳಿ: ಒಂದು ಹೊಸ ಕಾಲೇಜಿಗೆ ನೇರವಾಗಿ ಹೋಗಲಿ, ಇನ್ನೊಂದು ಲಕೋಟೆ ಒಡೆಯದೆ ನಿಮ್ಮ ಬಳಿ ಇರಲಿ.